ಓದ್ಬೇಡ, ಓಕೆ ಒತ್ತು

ಅಪ್ಪನ ಫೋನು ಸಾಮಾನ್ಯವಾಗಿ ರಾತ್ರಿ ಎಂಟೂವರೆಗೆ ಬರುತ್ತದೆ. ಊಟ ಆಯ್ತಾ, ಆ ಕಡೆ ಮಳೆ ಬಂತಾ, ಕೊಬ್ಬರಿ ರೇಟು ಎಷ್ಟಕ್ಕೆ ನಿಂತಿದೆ, ಇಷ್ಟರಲ್ಲಿ ಮಾತು ಮುಗಿಯುತ್ತದೆ. ನಾಲ್ಕು ವರ್ಷದ ಹಿಂದೆ ಊರಿನ ಮನೆಗೆ ಕಂಪ್ಯೂಟರ್ ಬಂದಮೇಲೆ ಇನ್ನೊಂದು ಬಗೆಯ ಫೋನು ಶುರುವಾಯಿತು. ಅದು ಹಗಲು ಹೊತ್ತು, ನಾನು ಆಫೀಸಿನಲ್ಲಿರುವಾಗ ಬರುತ್ತದೆ. ದನಿ ತಗ್ಗಿರುತ್ತದೆ. ಮೊದಲ ಮಾತು ಯಾವಾಗಲೂ ಒಂದೇ.

"ಮಗ, ನಾನೇನೋ ತಪ್ಪು ಮಾಡ್ಬಿಟ್ಟೆ ಅನ್ಸುತ್ತೆ ಕಣೋ."

ಈ ಮಾತು ಆಡುವ ಮನುಷ್ಯ ಎಂಥವನು ಅನ್ನೋದನ್ನ ಮೊದಲು ಹೇಳಬೇಕು. ತಿಪಟೂರು ತಾಲ್ಲೂಕಿನ ನಮ್ಮೂರಿನ ಹಾಲಿನ ಡೇರಿಯಲ್ಲಿ ಅಪ್ಪ ಇಪ್ಪತ್ತೆಂಟು ವರ್ಷ ಸೆಕ್ರೆಟರಿಯಾಗಿದ್ದ. ಬೆಳಗ್ಗೆ ಸಂಜೆ ಎರಡು ಹೊತ್ತು, ಹಬ್ಬ ಹುಣ್ಣಿಮೆ ಅಂತಿಲ್ಲದೆ, ಯಾರು ಎಷ್ಟು ಲೀಟರು ಹಾಕಿದರು, ಡಿಗ್ರಿ ಎಷ್ಟು, ಫ್ಯಾಟು ಎಷ್ಟು ಅಂತ ದುಂಡಗಿನ ಅಕ್ಷರದಲ್ಲಿ ಬರೆದವನು. ಆಡಿಟಿನವರು ಬಂದರೆ ಲೆಡ್ಜರು ಮುಂದಿಟ್ಟು ಕಾಫಿ ತರೋಕೆ ಹೋಗುತ್ತಿದ್ದ, ಅಷ್ಟು ಧೈರ್ಯ. ರಿಟೈರಾದ ಮೇಲೆ ಊರಿನವರಿಗೆ ಅರ್ಜಿ ಬರೆದುಕೊಡುತ್ತಾನೆ. ಪಹಣಿಯಲ್ಲಿ ಹೆಸರು ತಪ್ಪಾಗಿದೆ, ವಿಧವಾ ವೇತನ ನಿಂತುಹೋಗಿದೆ, ಟ್ರಾನ್ಸ್‌ಫಾರ್ಮರ್ ಸುಟ್ಟು ಹದಿನೈದು ದಿನವಾಯಿತು, ಹೀಗೆ. ತಹಶೀಲ್ದಾರ್ ಕಚೇರಿಯಲ್ಲಿ ಒಂದು ಪ್ರಶ್ನೆಯೂ ಏಳದಂಥ ಅರ್ಜಿ ಬರೆಯುವ ಕಲೆ ಅವನಿಗೆ ಸಿದ್ಧಿಸಿದೆ.

ಇಂಥವನ ಬಾಯಲ್ಲಿ ತಿಂಗಳಿಗೆ ನಾಲ್ಕು ಸಲ "ನಾನು ತಪ್ಪು ಮಾಡಿದೆ" ಅಂತ ಹೇಳಿಸುವ ಯಂತ್ರ ಎಂಥದು? ನಿಜವಾಗಿ ತಪ್ಪು ಯಾರದು? ಯಾವ ಆಪರೇಟಿಂಗ್ ಸಿಸ್ಟಂ ಒಳ್ಳೇದು ಅಂತ ನಾನೂ ಗೆಳೆಯರೂ ಹತ್ತು ವರ್ಷದಿಂದ ಜಗಳವಾಡುತ್ತಲೇ ಇದ್ದೇವೆ. ಈ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿಕೊಂಡಿರಲಿಲ್ಲ.

ನಮ್ಮ ಕಸುಬಿನಲ್ಲಿ ಇದಕ್ಕೆ ಸಿದ್ಧ ಉತ್ತರ ಒಂದಿದೆ. ಬಳಸುವವನಿಂದ ದೂರು ಬಂದಾಗ ಕೋಡಿನಲ್ಲಿ ಏನೂ ಸಿಗದಿದ್ದರೆ 'ಯೂಸರ್ ಎರರ್' ಅಂತ ಬರೆದು ಮುಚ್ಚಿಬಿಡುತ್ತೇವೆ. ತೊಂದರೆ ಇರೋದು ಕುರ್ಚಿಗೂ ಕೀಬೋರ್ಡಿಗೂ ನಡುವೆ ಅನ್ನೋದು ಹಳೇ ಜೋಕು. ನಾನೂ ನಕ್ಕಿದ್ದೇನೆ. ನಗುವಾಗ ಆ ಕುರ್ಚಿಯ ಮೇಲೆ ಅಪ್ಪನನ್ನು ಕೂರಿಸಿ ನೋಡಿರಲಿಲ್ಲ.

ಹಾಗೆ ನೋಡಿದರೆ ಆ ಕುರ್ಚಿಯಲ್ಲಿ ಒಂದು ಕಾಲಕ್ಕೆ ನಾನೂ ಕೂತಿದ್ದೆ. ಪಿಯುಸಿವರೆಗೆ ಕನ್ನಡ ಮೀಡಿಯಂನವರ ಜೊತೆ ಬೆಳೆದು, ಬಿಇ ಸೇರಿ, ಕಾಲೇಜಿನ ಲ್ಯಾಬಿನಲ್ಲಿ ಮೊದಲ ಸಲ ಮೌಸ್ ಮುಟ್ಟಿದವನು ನಾನು. ಆ ಕಾಲದ ಕಂಪ್ಯೂಟರುಗಳಲ್ಲಿ ಪ್ರೋಗ್ರಾಂ ಕೆಟ್ಟರೆ ಇಂಗ್ಲಿಷಿನಲ್ಲಿ ಒಂದು ಸಂದೇಶ ಬರುತ್ತಿತ್ತು: ಈ ಪ್ರೋಗ್ರಾಂ ಕಾನೂನುಬಾಹಿರ ಕೆಲಸ ಮಾಡಿದೆ, ಇದನ್ನು ಮುಚ್ಚಲಾಗುವುದು. ಇಲ್ಲೀಗಲ್ ಅನ್ನುವ ಪದ ನೋಡಿದ್ದೇ ತಡ, ಅಕ್ಕಪಕ್ಕ ಯಾರಾದರೂ ನೋಡಿದರಾ ಅಂತ ತಿರುಗಿದೆ. ಲ್ಯಾಬ್ ಅಟೆಂಡರ್ ಬಂದು ಫೈನ್ ಹಾಕುತ್ತಾನೆ, ಅಪ್ಪನಿಗೆ ಕಾಗದ ಹೋಗುತ್ತೆ ಅಂತೆಲ್ಲಾ ಹೆದರಿ ಮಾನಿಟರನ್ನೇ ಆರಿಸಿ ಎದ್ದುಬಂದೆ. ಪಕ್ಕದಲ್ಲಿದ್ದ ಬೆಂಗಳೂರಿನ ಹುಡುಗನಿಗೂ ಅದೇ ಸಂದೇಶ ಬಂತು. ಅವನು ಓದಲೇ ಇಲ್ಲ, ಒಂದು ಒತ್ತು ಒತ್ತಿ ಮುಂದಕ್ಕೆ ಹೋದ. ಆವತ್ತು ಅವನು ಜಾಣ, ನಾನು ದಡ್ಡ ಅಂದುಕೊಂಡಿದ್ದೆ. ತಪ್ಪು ಮಾಡಿದ್ದು ನಾನೂ ಅಲ್ಲ, ಅವನೂ ಅಲ್ಲ, ಎಲ್ಲೋ ಕೂತು ಆ ಪ್ರೋಗ್ರಾಂ ಬರೆದವನು ಅಂತ ತಿಳಿಯೋಕೆ ವರ್ಷಗಳೇ ಬೇಕಾದವು.

ನಮ್ಮೂರಿನಲ್ಲಿ ಒಬ್ಬ ಆಚಾರಿ ಇದ್ದ. ಮರದ ಕೆಲಸ, ಕಬ್ಬಿಣದ ಕೆಲಸ ಎರಡನ್ನೂ ಮಾಡುತ್ತಿದ್ದ. ಗುದ್ದಲಿ ಕೈ ಹಿಡಿಯದಿದ್ದರೆ, ನೇಗಿಲು ನೆಲ ಕಚ್ಚದಿದ್ದರೆ ಯಾರೂ "ನನಗೆ ಬರಲ್ಲ" ಅಂತ ತಲೆ ತಗ್ಗಿಸುತ್ತಿರಲಿಲ್ಲ. ನೇರ ಆಚಾರಿಯ ಕೊಟ್ಟಿಗೆಗೆ ಹೋಗಿ "ಏನಪ್ಪ ಹಿಂಗ್ ಮಾಡಿದೀಯ" ಅಂತ ದಬಾಯಿಸುತ್ತಿದ್ದರು. ಅವನು ಗೊಣಗಿಕೊಂಡೇ ಕಾವು ಕೆತ್ತಿ ಕೊಡುತ್ತಿದ್ದ. ನಮ್ಮ ದೊಡ್ಡಮ್ಮ ಎಡಚಿ. ಅವಳಿಗೆಂದೇ ಹಲ್ಲು ತಿರುಗಿಸಿದ ಕುಡುಗೋಲು ಮಾಡಿಕೊಟ್ಟಿದ್ದ. ಮಾಡುವವನಿಗೆ ಬಳಸುವವನ ಅಂಗೈ ಗೊತ್ತಿತ್ತು. ಕೆಟ್ಟರೆ ಹೋಗಿ ಬೈಯೋಕೆ ಒಂದು ಬಾಗಿಲೂ ಇತ್ತು.

ಕಂಪ್ಯೂಟರಿನಲ್ಲಿ ತಪ್ಪಿಹೋಗಿದ್ದು ಈ ಎರಡು. ಮಾಡಿದವನು ಎಲ್ಲೋ ಇದ್ದಾನೆ, ಬೈಯಲು ಬಾಗಿಲಿಲ್ಲ. ಹಾಗಾಗಿ ಬೈಗುಳ ತಿರುಗಿ ನಮ್ಮ ಮೇಲೇ ಬೀಳುತ್ತದೆ. ಡೊನಾಲ್ಡ್ ನಾರ್ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1988ರಲ್ಲಿ ಬರೆದ ಪುಸ್ತಕವೊಂದರಲ್ಲಿ ಬಾಗಿಲು, ಒಲೆಯ ಗುಂಡಿ, ಸ್ವಿಚ್ಚುಗಳಂಥ ದಿನಬಳಕೆಯ ವಸ್ತುಗಳನ್ನಿಟ್ಟುಕೊಂಡು ಇದನ್ನೇ ವಿವರಿಸುತ್ತಾನೆ. ತಳ್ಳಬೇಕಾದ ಬಾಗಿಲನ್ನು ಎಳೆದವನು ತನ್ನನ್ನೇ ಹಳಿದುಕೊಳ್ಳುತ್ತಾನೆ. ಎಳೆಯುವಂಥ ಹಿಡಿಕೆಯನ್ನು ಆ ಬಾಗಿಲಿಗೆ ಯಾಕೆ ಹಾಕಿದರು ಅಂತ ಕೇಳುವುದಿಲ್ಲ.

ನಾವು ಜಗಳವಾಡುವ ಮೂರೂ ಸಿಸ್ಟಂಗಳಲ್ಲಿ ಇಂಥ ಬಾಗಿಲುಗಳಿವೆ. 1995ರಿಂದ ವಿಂಡೋಸಿನಲ್ಲಿ ಕಂಪ್ಯೂಟರ್ ನಿಲ್ಲಿಸಬೇಕಾದರೆ 'ಸ್ಟಾರ್ಟ್' ಒತ್ತಬೇಕಿತ್ತು. ಜನ ನಕ್ಕರು, ಆಮೇಲೆ ಒಗ್ಗಿಕೊಂಡರು. ಹದಿನೇಳು ವರ್ಷ ಒಗ್ಗಿದ ಮೇಲೆ, 2012ರಲ್ಲಿ ವಿಂಡೋಸ್ 8 ಬಂದಾಗ ಆ ಗುಂಡಿಯನ್ನೇ ಕಿತ್ತುಹಾಕಿದರು. ಗಲಾಟೆಯಾಗಿ ಮರುವರ್ಷ 8.1ರಲ್ಲಿ ಗುಂಡಿ ವಾಪಸು ಬಂತು, ಅದರೊಳಗಿದ್ದ ಹಳೇ ಮೆನು ಬರಲಿಲ್ಲ. ಮ್ಯಾಕ್ ಬಳಸುವವರು ತಮ್ಮದು ಮಾತ್ರ ಸರಾಗ ಅನ್ನುತ್ತಾರೆ. ಆದರೆ ಅಲ್ಲಿ ಡಿಸ್ಕ್ ಹೊರತೆಗೆಯಬೇಕಾದರೆ ಅದನ್ನು ಎಳೆದು ಕಸದ ಬುಟ್ಟಿಗೆ ಹಾಕುವ ಪದ್ಧತಿ. ಅದನ್ನು ಮೊದಲ ಸಲ ಮಾಡುವವನ ಎದೆ ಬಡಿತ ಕೇಳಬೇಕು. ಕಿಟಕಿ ಮುಚ್ಚಿದರೂ ಪ್ರೋಗ್ರಾಂ ಒಳಗೆ ಓಡುತ್ತಲೇ ಇರುತ್ತದೆ. 2011ರ ಆವೃತ್ತಿಯಲ್ಲಿ ಪುಟ ಸರಿಸುವ ದಿಕ್ಕನ್ನೇ ತಿರುಗಿಸಿ, ಇದೇ ಸಹಜ ಅಂತ ಹೆಸರಿಟ್ಟರು. ಇನ್ನು ನನ್ನ ಪ್ರೀತಿಯ ಉಬುಂಟು. 2010ರ ಏಪ್ರಿಲ್ ಆವೃತ್ತಿಯಲ್ಲಿ ಕಿಟಕಿ ಮುಚ್ಚುವ ಗುಂಡಿಗಳನ್ನು ಬಲದಿಂದ ಎಡಕ್ಕೆ ಸರಿಸಿದರು. ಮರುವರ್ಷ ಇಡೀ ಪರದೆಯ ಜೋಡಣೆಯೇ ಬದಲಾಯಿತು.

ಹೊಸದು ಬೇಡವೇ ಬೇಡ ಅನ್ನುತ್ತಿಲ್ಲ. 1968ರಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಜನರ ಮುಂದೆ ಮೌಸ್ ತೋರಿಸಿದಾಗ ಅದೂ ಹೊಸದೇ. ನನ್ನ ತಕರಾರು ಬೇರೆ. ಬೆರಳಿಗೆ ಹತ್ತಿದ ಅಭ್ಯಾಸ ಮನುಷ್ಯನ ಆಸ್ತಿ. ಅರವತ್ತು ದಾಟಿದವನಿಗಂತೂ ಕಷ್ಟಪಟ್ಟು ಗಳಿಸಿದ ಆಸ್ತಿ. ರಾತ್ರೋರಾತ್ರಿ ಅದನ್ನು ರದ್ದು ಮಾಡುವವನು, ಬದಲಿಗೆ ಏನು ಕೊಡುತ್ತಿದ್ದೇನೆ ಅಂತ ಲೆಕ್ಕ ಒಪ್ಪಿಸಬೇಕು.

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ.

ಅಪ್ಪನ ಕಂಪ್ಯೂಟರಿಗೆ ಅಂಗಡಿಯವನು ಹಾಕಿಕೊಟ್ಟಿದ್ದು ವಿಂಡೋಸ್ ಎಕ್ಸ್‌ಪಿ. ಲೈಸೆನ್ಸ್ ಇಲ್ಲದ ಕಾಪಿ. ಅಪ್ಪನಿಗೆ ಅದು ಗೊತ್ತಿಲ್ಲ. ಡೇರಿಯಿಂದ ಒಂದು ಲೋಟ ಹಾಲನ್ನೂ ಬಿಟ್ಟಿ ಮನೆಗೆ ತರದವನ ಮೇಜಿನ ಮೇಲೆ ಕದ್ದ ಮಾಲು. ಸಾಲದ್ದಕ್ಕೆ ಪೆನ್‌ಡ್ರೈವಿನಿಂದ ಬರುವ ವೈರಸ್ಸು. ಜೊತೆಗೆ 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಗೆ ಭದ್ರತಾ ತಿದ್ದುಪಡಿ ನಿಲ್ಲುತ್ತದೆ ಅನ್ನುವುದು ಮೊದಲೇ ಗೊತ್ತಿತ್ತು. ಕಳೆದ ದೀಪಾವಳಿಗೆ ಹೋದಾಗ ಎಲ್ಲಾ ಅಳಿಸಿ ಲಿನಕ್ಸ್ ಹಾಕಿಬಿಟ್ಟೆ. 2006ರಲ್ಲಿ ಉಬುಂಟುವಿನವರು ಪುಕ್ಕಟೆ ಸೀಡಿಯನ್ನು ಅಂಚೆಯಲ್ಲಿ ಕಳಿಸುತ್ತಿದ್ದಾಗ ತರಿಸಿಕೊಂಡು ರೂಮಿನವರಿಗೆಲ್ಲ ಹಂಚಿದ ಉತ್ಸಾಹಿ ನಾನು. ರಿಚರ್ಡ್ ಸ್ಟಾಲ್ಮನ್ ಹೇಳುವ ಸ್ವಾತಂತ್ರ್ಯ, ಅಂದರೆ ತಂತ್ರಾಂಶವನ್ನು ಬೇಕಾದ ಕೆಲಸಕ್ಕೆ ಬಳಸುವ, ಒಳಗಿಳಿದು ನೋಡುವ, ತಿದ್ದುವ, ಹಂಚುವ ಹಕ್ಕು, ನನ್ನ ಪಾಲಿಗೆ ಈಗಲೂ ದೊಡ್ಡ ಮಾತು. ಅಪ್ಪನಿಗೆ ಕದ್ದ ಮಾಲಿನಿಂದ ಬಿಡುಗಡೆ ಕೊಟ್ಟೆ, ಮೆನುಗಳನ್ನು ಕನ್ನಡಕ್ಕೂ ತಿರುಗಿಸಿಕೊಟ್ಟೆ ಅಂತ ಬೀಗಿಕೊಂಡು ಬಸ್ಸು ಹತ್ತಿದೆ.

ಹಗಲು ಹೊತ್ತಿನ ಫೋನು ನಿಂತೇಹೋಯಿತು. ಒಂದು ತಿಂಗಳು, ಎರಡು ತಿಂಗಳು, ಒಂದೂ ದೂರಿಲ್ಲ. ನೋಡ್ರೋ, ಲಿನಕ್ಸ್ ಅಂದ್ರೆ ಹಿಂಗಿರುತ್ತೆ, ಅಂತ ಆಫೀಸಿನಲ್ಲಿ ಜಂಬ ಕೊಚ್ಚಿದೆ. ಸಂಕ್ರಾಂತಿಗೆ ರಿಲೀಸ್ ಇತ್ತು, ಊರಿಗೆ ಹೋಗಲಾಗಲಿಲ್ಲ. ಯುಗಾದಿಗೆ ಹೋದೆ. ಕಂಪ್ಯೂಟರಿನ ಮೇಲೆ ಟವೆಲು ಹೊದಿಸಿತ್ತು. ಟವೆಲಿನ ಮೇಲೆ ಧೂಳು.

"ಏನಪ್ಪ ಇದು?" ಅಂದೆ. ಅಪ್ಪ ಮೊದಲು ಕರೆಂಟಿನ ಮೇಲೆ ಹಾಕಿದ, ಆಮೇಲೆ ಕಣ್ಣಿನ ಮೇಲೆ. ಕೊನೆಗೆ ಅಮ್ಮನೇ ಹೇಳಿದಳು. ಹಳೇ ಅರ್ಜಿಗಳನ್ನೆಲ್ಲಾ ಅಪ್ಪ 'ನುಡಿ'ಯಲ್ಲಿ ಬರೆದಿಟ್ಟಿದ್ದ. ಫೈಲುಗಳನ್ನೇನೋ ನಾನು ಜೋಪಾನವಾಗಿ ಕಾಪಿ ಮಾಡಿದ್ದೆ. ಹಳೆಯ ನುಡಿ ಅಕ್ಷರಗಳು ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚುಕ್ಕೆ, ಕೊಂಕುಗಳ ರಾಶಿ ಕಾಣುತ್ತದೆ. ಇದು ನನಗೆ ಗೊತ್ತಿದ್ದ ವಿಷಯ. ತೆರೆದು ನೋಡಲಿಲ್ಲ, ಅಷ್ಟೆ. ಅಪ್ಪ ಐದು ತಿಂಗಳಿಂದ ಕೈಯಲ್ಲಿ ಅರ್ಜಿ ಬರೆದು, ಬಸ್ಸಿನಲ್ಲಿ ತಿಪಟೂರಿಗೆ ಹೋಗಿ, ಟೈಪಿಂಗ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಮಾಡಿಸಿಕೊಂಡು ಬರುತ್ತಿದ್ದ. ಊರಿನವರಿಂದ ಆ ದುಡ್ಡನ್ನೂ ಕೇಳುತ್ತಿರಲಿಲ್ಲ.

"ಹೇಳ್ಬಾರ್ದಾ?"

"ನೀನು ಅಷ್ಟು ಆಸೆಯಿಂದ ಹಾಕ್ಕೊಟ್ಟಿದ್ದೆ. ನಾನೇ ಏನೋ ಒತ್ತಿ ಎಲ್ಲಾ ಕೆಡಿಸ್ದೆ ಅಂದ್ಕೊಂಡೆ. ಈಗೀಗ ತಲೆ ಮೊದಲಿನಂಗೆ ಓಡಲ್ಲ ಕಣಪ್ಪ."

ಈ ಕೊನೆಯ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಒಬ್ಬ ಮನುಷ್ಯನಿಗೆ ತನ್ನ ಬುದ್ಧಿಯ ಮೇಲಿದ್ದ ನಂಬಿಕೆಯನ್ನು, ಒಳ್ಳೇದು ಮಾಡುತ್ತೇನೆ ಅಂತ ಹೋಗಿ, ಐದು ತಿಂಗಳು ಕಸಿದುಕೊಂಡಿದ್ದೆ. ದೂರು ಬರಲಿಲ್ಲ ಅನ್ನೋದನ್ನ ಎಲ್ಲಾ ಸರಿಯಿದೆ ಅಂತ ಓದಿಕೊಂಡಿದ್ದೆ. ನಾವು ಆಫೀಸಿನಲ್ಲಿ ಓದಿಕೊಳ್ಳೋದೂ ಹಾಗೇ ಅಲ್ಲವೇ?

ಮಾರನೇ ದಿನ ಟವೆಲು ತೆಗೆದು, ಅಪ್ಪನನ್ನು ಕುರ್ಚಿಯ ಮೇಲೆ ಕೂರಿಸಿ, ನಾನು ಹಿಂದೆ ಸ್ಟೂಲಿನ ಮೇಲೆ ಕೂತೆ. ಮೌಸಿಗೆ ಕೈ ಹಾಕಬಾರದು, ಬಾಯಿ ಬಿಡಬಾರದು, ಸುಮ್ಮನೆ ನೋಡಬೇಕು ಅಂತ ನನಗೆ ನಾನೇ ಕಟ್ಟಳೆ ಹಾಕಿಕೊಂಡೆ. ಹನ್ನೊಂದು ವರ್ಷದ ನೌಕರಿಯಲ್ಲಿ ಒಬ್ಬ ಮನುಷ್ಯ ಕಂಪ್ಯೂಟರ್ ಬಳಸುವುದನ್ನು ಒಂದು ಗಂಟೆ ಬಾಯ್ಮುಚ್ಚಿ ನೋಡಿದ್ದು ಅದೇ ಮೊದಲು.

ಮೊದಲು ಕಂಡದ್ದು ನನ್ನ ಕನ್ನಡಾಭಿಮಾನದ ಫಲ. ಮೆನುವಿನಲ್ಲಿ 'ಕಡತ' ಅಂತಿತ್ತು. ತಾಲ್ಲೂಕು ಕಚೇರಿ ಅಲೆದವನಿಗೆ ಅದು ತಕ್ಷಣ ಅರ್ಥವಾಯಿತು. ಪಕ್ಕದಲ್ಲಿ 'ಸಂಪಾದನೆ' ಅಂತಿತ್ತು. ಎಡಿಟ್ ಅನ್ನೋದಕ್ಕೆ ಯಾರೋ ಪುಣ್ಯಾತ್ಮರು ತಮ್ಮ ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ಮಾಡಿದ ಅನುವಾದ. ಅಪ್ಪ ಕೇಳಿದ: "ಇದು ದುಡ್ಡಿನ ಲೆಕ್ಕ ಇಡೋದಾ? ನಂಗ್ಯಾಕೆ ಅಂತ ಮುಟ್ಲಿಲ್ಲ." ನಗು ಬಂತು, ನಗಲಿಲ್ಲ.

ಎರಡನೆಯದು ಕಂಡಮೇಲೆ ನಗೋ ಮಾತೇ ಇರಲಿಲ್ಲ. ಅಪ್ಪ ಪರದೆಯ ಮೇಲೆ ಬಂದದ್ದನ್ನೆಲ್ಲಾ ಓದುತ್ತಿದ್ದ. ಪ್ರತಿಯೊಂದು ಪೆಟ್ಟಿಗೆ, ಪ್ರತಿಯೊಂದು ಸಾಲು. ಅನುವಾದವಾಗದೆ ಇಂಗ್ಲಿಷಿನಲ್ಲೇ ಉಳಿದದ್ದನ್ನು ಬೆರಳಿಟ್ಟು ಒಂದೊಂದೇ ಪದ ಓದುತ್ತಿದ್ದ. ಅವನ ಪಾಲಿಗೆ ಅದು ಮೇಲಿನ ಕಚೇರಿಯಿಂದ ಬಂದ ಪತ್ರ. ಓದಿ, ಅರ್ಥ ಮಾಡಿಕೊಂಡು, ಸತ್ಯವಾದ ಉತ್ತರ ಕೊಡಬೇಕು. 'ಮುಂದುವರಿಯಲು ಖಚಿತವೇ?' ಅಂತ ಕೇಳಿದರೆ ಅವನು ನಿಜಕ್ಕೂ ಯೋಚಿಸುತ್ತಿದ್ದ. ಖಚಿತ ಇದೆಯಾ ತನಗೆ? ಇಲ್ಲ. ಹಾಗಾಗಿ 'ರದ್ದು' ಒತ್ತುತ್ತಿದ್ದ. ಕೆಲಸ ನಿಂತುಹೋಗುತ್ತಿತ್ತು.

ಮೂರನೇ ಪೆಟ್ಟಿಗೆ ಬರುವ ಹೊತ್ತಿಗೆ ನನ್ನ ತಾಳ್ಮೆ ಮುಗಿಯಿತು. ಕಟ್ಟಳೆ ಮುರಿದೆ. "ಅಪ್ಪಾ, ಅದನ್ನೆಲ್ಲ ಓದ್ಬೇಡ, ಓಕೆ ಒತ್ತು" ಅಂದೆ.

ಅಪ್ಪ ತಿರುಗಿ ನೋಡಿದ. "ಓದ್ದೆ ಹೆಂಗೋ ಒಪ್ಕೊಳ್ಳೋದು?"

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಮಾರ್ಕ್ಸ್ ಕಾರ್ಡಿಗೆ ಸೈನ್ ಹಾಕಿಸಿಕೊಳ್ಳೋಕೆ ಡೇರಿಗೆ ಹೋಗಿದ್ದೆ. ಅಪ್ಪ ಹಾಲು ಅಳೆಯುವುದನ್ನು ನಿಲ್ಲಿಸಿ, ಕೈ ಒರೆಸಿಕೊಂಡು, ಪೂರ್ತಿ ಓದಿ ಸೈನ್ ಹಾಕಿ, ಓದದೆ ಎಲ್ಲೂ ಸೈನ್ ಹಾಕಬಾರದು ಅಂತ ಹೇಳಿ ಕಳಿಸಿದ್ದ. ಅದೇ ಅಪ್ಪನಿಗೆ ಅವನ ಇಂಜಿನಿಯರ್ ಮಗ ಈಗ ಓದ್ಬೇಡ ಅಂತ ಪಾಠ ಹೇಳುತ್ತಿದ್ದಾನೆ.

ನಾವು ಅಭ್ಯಾಸ ಮಾಡಿಸಿದ್ದೇ ಇದನ್ನು. 2007ರಲ್ಲಿ ಬಂದ ವಿಸ್ಟಾ ಮಾತುಮಾತಿಗೂ ಅನುಮತಿ ಕೇಳುತ್ತಿತ್ತು. ಉದ್ದೇಶ ರಕ್ಷಣೆಯೇ. ಆದರೆ ಅಷ್ಟು ಸಲ ಕೇಳಿದರೆ ಕೈ ತಾನಾಗಿ 'ಸರಿ' ಒತ್ತುತ್ತದೆ, ಕಣ್ಣು ನೋಡುವುದನ್ನೇ ಬಿಡುತ್ತದೆ. ವಿಂಡೋಸ್ 7ರಲ್ಲಿ ಕೇಳುವುದನ್ನು ಕಡಿಮೆ ಮಾಡಬೇಕಾಯಿತು. ಇಂಟರ್ನೆಟ್ಟಿನಿಂದ ಇಳಿಸಿದ್ದನ್ನು ತೆರೆಯುವಾಗ ಮ್ಯಾಕ್ ಕೇಳುತ್ತದೆ, ಲಿನಕ್ಸ್ ಪಾಸ್‌ವರ್ಡ್ ಕೇಳುತ್ತದೆ. ಇನ್ನು ತಂತ್ರಾಂಶ ಹಾಕುವಾಗ ಬರುವ ಮಾರುದ್ದದ ಕರಾರುಪತ್ರವನ್ನು ಪೂರ್ತಿ ಓದಿ 'ಒಪ್ಪಿದೆ' ಅಂದವರನ್ನು ನೀವು ನೋಡಿದ್ದೀರಾ? ಓದದೆ ಒತ್ತುವವನಿಗೆ ಕೆಲಸ ಬೇಗ ಆಗುತ್ತದೆ, ಅವನಿಗೆ ಕಂಪ್ಯೂಟರ್ ಬರುತ್ತೆ ಅನ್ನುತ್ತೇವೆ. ಓದಿ ಒಪ್ಪುವ ಪ್ರಾಮಾಣಿಕ ನಿಂತಲ್ಲೇ ನಿಲ್ಲುತ್ತಾನೆ, ಅವನಿಗೆ ಬರಲ್ಲ ಅನ್ನುತ್ತೇವೆ. ಲ್ಯಾಬಿನಲ್ಲಿ ಪಕ್ಕದ ಹುಡುಗನನ್ನು ಜಾಣ ಮಾಡಿದ್ದು ಇದೇ ಗುಣ. ಬಳಕೆಯ ಕಷ್ಟ ಅಂದರೆ ಬರೀ ಸಮಯ ಹಾಳಾಗುವ, ಸಿಟ್ಟು ಬರುವ ವಿಚಾರ ಅಂದುಕೊಂಡಿದ್ದೆ. ಅದರಲ್ಲಿ ನೀತಿಯ ಪ್ರಶ್ನೆಯೂ ಇದೆ. ಮಾಡಿದವನ ತಪ್ಪು ಬಳಸುವವನ ಅವಮಾನವಾಗಿ ವರ್ಗಾವಣೆಯಾಗುತ್ತದೆ. ಆ ಅವಮಾನದಿಂದ ತಪ್ಪಿಸಿಕೊಳ್ಳೋಕೆ ಓದದೆ ಒಪ್ಪುವುದನ್ನು ಜನ ಕಲಿಯುತ್ತಾರೆ.

ಇದಕ್ಕೆ ಎರಡು ಆಕ್ಷೇಪಗಳು ನನ್ನಲ್ಲೇ ಎದ್ದವು. ಕಲಿಯುವವನಿಗೂ ಜವಾಬ್ದಾರಿ ಇಲ್ಲವೇ? ಬೀಳದೆ ಯಾರು ಸೈಕಲ್ ಕಲಿತರು? ನಿಜ. ಆದರೆ ಸೈಕಲ್ಲಿನಿಂದ ಬಿದ್ದಾಗ ಯಾಕೆ ಬಿದ್ದೆ ಅಂತ ಮೈಗೆ ಗೊತ್ತಾಗುತ್ತದೆ. ಒಮ್ಮೆ ಕಲಿತಮೇಲೆ ಅದರ ಹ್ಯಾಂಡಲ್ ರಾತ್ರಿ ಕಳೆದು ಬೆಳಗಾಗುವುದರೊಳಗೆ ಹಿಂದಕ್ಕೆ ಹೋಗುವುದಿಲ್ಲ. ಮಣ್ಣು ಕೊಡವಿಕೊಂಡು ಮತ್ತೆ ಹತ್ತಬಹುದು. ಕಂಪ್ಯೂಟರಿನಿಂದಲೂ ಇಷ್ಟೇ ಕೇಳುವುದು: ಯಾಕೆ ಬಿದ್ದೆ ಅಂತ ಹೇಳು, ಕಲಿತದ್ದನ್ನು ಉಳಿಸಿಕೊಡು, ಮತ್ತೆ ಹತ್ತಲು ಬಿಡು. ಇದು ಆಗದ ಮಾತಲ್ಲ. ಅಳಿಸಿದ ಫೈಲು ತಕ್ಷಣ ಸುಟ್ಟುಹೋಗದೆ ಬುಟ್ಟಿಯಲ್ಲಿ ಕಾದಿರಲಿ ಅನ್ನುವ ಏರ್ಪಾಡು 1984ರ ಮ್ಯಾಕಿಂಟೋಷಿನಲ್ಲೇ ಇತ್ತು. ಮನುಷ್ಯ ತಪ್ಪುತ್ತಾನೆ, ಅವನಿಗೆ ಇನ್ನೊಂದು ಅವಕಾಶ ಇರಲಿ ಅಂತ ಯಾರೋ ಯೋಚಿಸಿದ್ದರು. ಆ ಬುಟ್ಟಿಯಲ್ಲಿ ನನಗೆ ಸ್ವಲ್ಪ ಕರುಣೆಯೂ ಕಾಣುತ್ತದೆ.

ಎರಡನೇ ಆಕ್ಷೇಪ: ಪುಕ್ಕಟೆ ಕೊಟ್ಟವರನ್ನು ದೂರಬಹುದೇ? ನಮ್ಮ ಜಿಲ್ಲೆಯ ಸಿದ್ಧಗಂಗೆಯಲ್ಲಿ ದಾಸೋಹವಿದೆ, ಊಟಕ್ಕೆ ಕಾಸಿಲ್ಲ. ಹಾಗಂತ ಬಡಿಸುವವರು ಅನ್ನದಲ್ಲಿ ಕಲ್ಲಿದ್ದರೂ ನಡೀತದೆ ಅನ್ನುವುದಿಲ್ಲ, ನಿಧಾನ ಉಣ್ಣುವವನನ್ನು ಗದರುವುದಿಲ್ಲ. ಪುಕ್ಕಟೆ ಅನ್ನೋದು ಬೆಲೆಯ ವಿಷಯ. ಮರ್ಯಾದೆಗೆ ಆ ರಿಯಾಯಿತಿ ಇಲ್ಲ. ಲಿನಕ್ಸಿನ ಅಡುಗೆಮನೆಗೆ ಯಾರು ಬೇಕಾದರೂ ಹೋಗಿ ಅಕ್ಕಿ ಆರಿಸಬಹುದು, ಅದು ಅದರ ದೊಡ್ಡತನ. ಹೋಗಬೇಕಾದದ್ದು ನನ್ನಂಥ ಬಲ್ಲವರು. ನಾನೋ ಹಂಚುವುದರಲ್ಲೇ ಪುಣ್ಯ ಕಟ್ಟಿಕೊಂಡೆ, ಕಲ್ಲು ಆರಿಸಲು ಒಂದು ದಿನವೂ ಕೂರಲಿಲ್ಲ.

ಆವತ್ತು ಸಂಜೆ ಅಪ್ಪನನ್ನು ಮೊದಲ ಸಲ ಕೇಳಿದೆ: "ನಿಂಗೆ ಯಾವ್ದು ಬೇಕಪ್ಪ?"

"ಯಾವ್ದಾದ್ರೂ ಇರ್ಲಿ. ನಾನು ಬರ್ದಿದ್ದು ನಂಗೆ ಕಾಣ್ಬೇಕು, ಅಷ್ಟೆ."

ವಿಂಡೋಸ್ 7ರ ಲೈಸೆನ್ಸ್ ದುಡ್ಡು ಕೊಟ್ಟು ತಂದು ಹಾಕಿದೆ. ನುಡಿ ಹಾಕಿದೆ. ಹಳೇ ಅರ್ಜಿಗಳನ್ನೆಲ್ಲ ಯೂನಿಕೋಡಿಗೂ ಬದಲಿಸಿ ಇನ್ನೊಂದು ಪ್ರತಿ ಇಟ್ಟೆ, ನಾಳೆ ಯಾವ ಸಿಸ್ಟಂ ಬಂದರೂ ಅವನ ಅಕ್ಷರ ಅವನ ಕೈಬಿಟ್ಟು ಹೋಗದಿರಲಿ ಅಂತ. ಗೆಳೆಯರು "ಸ್ವಾತಂತ್ರ್ಯ ಮಾರಿಬಿಟ್ಟೆಯಲ್ಲೋ" ಅಂತ ಕಿಚಾಯಿಸಿದರು. ನನ್ನ ಲ್ಯಾಪ್‌ಟಾಪಿನಲ್ಲಿ ಈಗಲೂ ಲಿನಕ್ಸೇ ಇದೆ. ಆದರೆ ಇನ್ನೊಬ್ಬರ ಪರವಾಗಿ, ಅವರನ್ನೇ ಕೇಳದೆ ಆರಿಸಿಕೊಟ್ಟ ಸ್ವಾತಂತ್ರ್ಯಕ್ಕೆ ಆ ಹೆಸರು ಒಪ್ಪುತ್ತದೋ ಇಲ್ಲವೋ, ನೀವೇ ಹೇಳಿ.

ಬೆಂಗಳೂರಿಗೆ ಬಂದಮೇಲೆ ನಮ್ಮ ಪ್ರಾಡಕ್ಟಿನಲ್ಲಿ ನಾನು ಬರೆದ ಎರರ್ ಸಂದೇಶಗಳನ್ನು ಹುಡುಕಿ ಓದಿದೆ. ನಲವತ್ತಕ್ಕೂ ಹೆಚ್ಚು ಕಡೆ 'ಇನ್‌ವ್ಯಾಲಿಡ್ ಇನ್‌ಪುಟ್' ಅಂತ ಎರಡೇ ಪದ. ನೀನು ಕೊಟ್ಟದ್ದು ಸರಿಯಿಲ್ಲ. ಏನು ಸರಿಯಿಲ್ಲ, ಏನು ಕೊಟ್ಟರೆ ಸರಿ, ಒಂದಕ್ಕೂ ಉತ್ತರವಿಲ್ಲ. ಬಿಡುವಿದ್ದಾಗ ಒಂದೊಂದನ್ನೇ ತಿದ್ದುತ್ತಿದ್ದೇನೆ. 'ಯೂಸರ್ ಎರರ್' ಅಂತ ಬರೆಯುವುದನ್ನಂತೂ ಬಿಟ್ಟಿದ್ದೇನೆ.

ಅಪ್ಪನಿಗೆ ಊರಿನಿಂದ ಹೊರಡುವಾಗ ಒಂದೇ ಮಾತು ಹೇಳಿದ್ದೆ: ಏನಾದರೂ ಕೆಟ್ಟರೆ ಅದು ನಿನ್ನ ತಪ್ಪಲ್ಲ, ಆಚಾರಿಯನ್ನ ಬೈದಂಗೆ ಬೈ. ಹಗಲು ಹೊತ್ತಿನ ಫೋನು ಮತ್ತೆ ಶುರುವಾಗಿದೆ. ಹೋದ ವಾರ ಮೀಟಿಂಗಿನಲ್ಲಿದ್ದಾಗ ಬಂತು. ಎದ್ದು ಹೊರಗೆ ಬಂದು ತೆಗೆದೆ.

"ಲೋ ಮಗ, ಈ ಪ್ರಿಂಟ್ ತೆಗೆಯೋ ಪೆಟ್ಟಿಗೆ ಸರಿಯಾಗಿ ಮಾಡಿಲ್ಲ ಕಣೋ. ಒಂದು ಪುಟ ಕೇಳಿದ್ರೆ ಎಲ್ಲಾ ಪುಟ ಕೊಡ್ತದೆ. ಯಾರೋ ಬರೆದಿದ್ದು ಇದನ್ನ?"

"ನನ್ನಂಥೋರೇ ಅಪ್ಪ."

"ಹಂಗಾದ್ರೆ ಹೇಳು ಅವರಿಗೆ."